ತಾಳಿ ಕಟ್ಟಿದ ಗಳಿಗೆಯ ರೈಲು ಹಾಡು

ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಜಯದೇವಪ್ಪನವರು ಏಳನೇ ಕ್ಲಾಸಿನವರೆಗೆ ಕಲಿತದ್ದನ್ನೆಲ್ಲ ಮರೆತಿದ್ದಾರೆ. ಹಾರನಹಳ್ಳಿಯ ಮೈಕ್‌ಸೆಟ್ ಉಮಾಶಂಕರ್ ಮಾಡಿದ್ದನ್ನು ಮಾತ್ರ ಮರೆತಿಲ್ಲ. ಇಪ್ಪತ್ತಾರು ವರ್ಷದ ಹಿಂದೆ ಹಳೇಬೀಡಿನಲ್ಲಿ ಅವರ ಮದುವೆ. ತಾಳಿ ಕಟ್ಟಿ ಕೈ ತೆಗೆದಿಲ್ಲ, ಗಟ್ಟಿಮೇಳ ನಿಂತಿದ್ದೇ ತಡ, ತೆಂಗಿನಮರಕ್ಕೆ ಕಟ್ಟಿದ್ದ ಸ್ಪೀಕರಿನಿಂದ ಆ ಸಿನಿಮಾ ಹಾಡು ಬಂತು. ನಾಯಕಿ ರೈಲು ಹತ್ತಿ ಹೋಗುತ್ತಾಳೆ, ನಾಯಕ ಪ್ಲಾಟ್‌ಫಾರಂ ಕಂಬ ತಬ್ಬಿಕೊಂಡು ಗೊಳೋ ಎನ್ನುತ್ತಾನೆ. ಮದುವೆಮನೆಗೆ ಅಂಥ ಹಾಡು! ತಲೆಯ ಮೇಲಿನ ಅಕ್ಷತೆ ಉದುರುವ ಮೊದಲೇ ಮದುಮಗ ಮಂಟಪದಿಂದ ಜಿಗಿದು ಉಮಾಶಂಕರನ ಕೊರಳಪಟ್ಟಿ ಹಿಡಿದಾಗಿತ್ತು. (ಶಲ್ಯಕ್ಕೆ ಸೆರಗಿನ ಗಂಟು ಹಾಕಿದ್ದರಿಂದ ಮದುಮಗಳೂ ಹಿಂದೆಯೇ ಓಡಿ ಬರಬೇಕಾಯಿತು.)

ಅಂದಿನಿಂದ ಮಾತಿಲ್ಲ. ಉಮಾಶಂಕರ್ ಎದುರು ಬಂದರೆ ಜಯದೇವಪ್ಪನವರು ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಾರೆ, ಲಾರಿ ಬರುತ್ತಿದ್ದರೂ ಸರಿಯೇ.

ಹೀಗಿರುವಾಗ ಊರಿನ ಟಾಕೀಸಿಗೆ ಹೊಸ ಸಿನಿಮಾ ಬಂತು. ಐದು ಹಳೇ ಹಾಡು ಹಿಡಿದು, ಐದು ಪ್ರೇಮಕಥೆ ಹೆಣೆದು, ಒಂದೇ ಸಿನಿಮಾ ಮಾಡಿದ್ದರು.

"ರೀ, ಅದ್ರಲ್ಲಿ ನಮ್ಮ ರೈಲು ಹಾಡೂ ಐತಂತೆ," ಅಂದರು ಹೆಂಡತಿ ಬಸಮ್ಮ.

"ನಮ್ಮದಾ? ಅದು ಆ ಉಮಾಶಂಕರಂದು! ನಾನು ಬರಲ್ಲ."

"ಬರಬ್ಯಾಡಿ. ಪಕ್ಕದ್ಮನೆ ಅನುಸೂಯಮ್ಮನ್ನ ಕರ್ಕೊಂಡು ಹೋಯ್ತೀನಿ. ಮಧ್ಯಾಹ್ನಕ್ಕೆ ಬೆಳಗಿನ ಉಪ್ಪಿಟ್ಟೇ ಐತೆ, ತಿನ್ಕಳಿ."

ಪ್ರೇಮಕ್ಕೆ ಮಣಿಯದ ಜಯದೇವಪ್ಪನವರು ಉಪ್ಪಿಟ್ಟಿಗೆ ಹೆದರಿ ಹೊರಟರು.

ಮೊದಲ ಮೂರು ಕಥೆಗಳು ಸೊಗಸಾಗಿದ್ದವು. ಒಂದು ಹಾಡಿಗೆ, ಹಳೇಬೀಡಿನ ಕೆರೆ ಏರಿಯ ಮೇಲೆ ಬಸಮ್ಮನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋದದ್ದು ನೆನಪಾಯಿತು. ಇನ್ನೊಂದಕ್ಕೆ, ಕೋರಿಕೆಯ ಹಾಡಿಗೆ ಕಾರ್ಡು ಬರೆದು, ತಮ್ಮ ಹೆಸರು ಬಂದೇ ಬರುತ್ತದೆಂದು ಇಬ್ಬರೂ ಭಾನುವಾರಗಟ್ಟಲೆ ರೇಡಿಯೋ ಮುಂದೆ ಕೂತದ್ದು. ಬರಲೇ ಇಲ್ಲ. ಮನಸ್ಸು ಮೆತ್ತಗಾಗಿ, ಅವರ ಕೈ ಕತ್ತಲಲ್ಲಿ ಹೆಂಡತಿಯ ಕೈ ಹುಡುಕಿತು. (ಸಿಕ್ಕಿದ್ದು ಚುರುಮುರಿ ಪೊಟ್ಟಣ.)

ನಾಲ್ಕನೆಯ ಕಥೆಗೆ ರೈಲು ಕೂಗಿತು. ಅದೇ ಹಾಡು! ಜಯದೇವಪ್ಪನವರು ಎದ್ದೇಬಿಟ್ಟರು.

"ನಿಲ್ಸ್ರೋ ಅದನ್ನ! ಯಾವನ್ಲಾ ಹಾಕಿದ್ದು?"

ಮುಂದಿನ ಸಾಲಿನ ಬೋಳುತಲೆಯೊಂದು ಗಾಬರಿಯಿಂದ ತಿರುಗಿ, ಎರಡೂ ಕೈಯಿಂದ ಕೊರಳಪಟ್ಟಿ ಮುಚ್ಚಿಕೊಂಡಿತು.

"ಅಣ್ಣಾ, ಈ ಸಲ ನಾನಲ್ಲ ಕಣಣ್ಣಾ!"

ಉಮಾಶಂಕರ್!

"ಆವತ್ತು ನೀನೇ ತಾನೇ?"

"ಆವತ್ತೂ..." ಎಂದ ಉಮಾಶಂಕರ್ ಬಸಮ್ಮನ ಮುಖ ನೋಡಿದ.

"ಕೂತ್ಕಳ್ರೀ, ಹಿಂದಿನೋರಿಗೆ ಕಾಣಲ್ಲ," ಎಂದು ಬಸಮ್ಮ ಅಂಗಿ ಹಿಡಿದು ಎಳೆದರು. "ಚೀಟಿ ಕಳ್ಸಿ ಆ ಹಾಡು ಹಾಕ್ಸಿದ್ದು ನಾನು. ಹೆಣ್ಣು ನೋಡಕ್ಕೆ ಬಂದಾಗ ನಾನು ಯಾವ ಹಾಡು ಹೇಳಿದ್ದೆ, ಹೇಳಿ ನೋಡಾಣ?"

ಜಯದೇವಪ್ಪನವರು ನೆನಪಿನ ಮೂಲೆಮೂಲೆ ತಡಕಿದರು. ಸಿಕ್ಕಿದ್ದು ಕೇಸರಿಬಾತು. ದ್ರಾಕ್ಷಿ ದಂಡಿಯಾಗಿ ಹಾಕಿದ್ದರು.

"ಇದೇ ಹಾಡು! ನನಗೆ ಬರ್ತಿದ್ದುದೇ ಇದೊಂದು. ನೀವು ತಟ್ಟೆಯಿಂದ ತಲೆ ಎತ್ತಲಿಲ್ಲ. ನಮ್ಮಜ್ಜಿ, ಹುಡುಗನೂ ಒಂದು ಹಾಡಲಿ ಅಂದ್ರೆ, ತಾಳಿ ಕಟ್ಟಿದ ತಕ್ಷಣ ಹಾಡ್ತೀನಿ ಅಂದ್ರಿ. ಜ್ಞಾಪಿಸಾಣ ಅಂತ ಹಾಕ್ಸಿದ್ರೆ, ಈ ಪುಣ್ಯಾತ್ಮನ ಕತ್ತು ಹಿಡಿದ್ರಿ!"

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಮತ್ತೆ?"

"ಸಿಟ್ಟು ಇಳೀಲಿ ಅಂತ ಕಾಯ್ತಿದ್ದೆ. ಎಲ್ಲಿ ಇಳೀತು?"

"ಹೇಳ್ಬೇಡ ಅಂದಿದ್ದ ಅಕ್ಕನ ಮಾತಿಗೆ ನಾನೂ ಕಟ್ಟುಬಿದ್ದೆ," ಎಂದ ಉಮಾಶಂಕರ್. "ಒಂದು ಅಂಗಿ ಹರೀತು. ಹೋಗ್ಲಿ ಬಿಡಣ್ಣ."

ಐದನೆಯ ಕಥೆ ಏನೆಂದು ಜಯದೇವಪ್ಪನವರಿಗೆ ಇಂದಿಗೂ ಗೊತ್ತಿಲ್ಲ. ಆಟ ಬಿಟ್ಟ ಮೇಲೆ ಉಮಾಶಂಕರನಿಗೆ ಕಾಫಿ ಕುಡಿಸಿ, ಹೆಂಡತಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟರು. ರೈಲ್ವೆ ಗೇಟು ಹಾಕಿತ್ತು. ಎಂಜಿನ್ ಆಫ್ ಮಾಡಿ, ಹಿಂದೆ ಮುಂದೆ ನೋಡಿ, ಕಣ್ಣು ಮುಚ್ಚಿ ಹಾಡಿಯೇಬಿಟ್ಟರು, ಪೂರ್ತಿ ಪಲ್ಲವಿ. ಅವರು ಬಾಯಿ ತೆರೆಯುವುದಕ್ಕೂ ಗೂಡ್ಸ್ ಗಾಡಿ ಧಡಧಡ ಬರುವುದಕ್ಕೂ ಸರಿಹೋಗಿತ್ತು. ಅದರ ಡಬ್ಬಿಗಳೂ ಮುಗಿದವು, ಪಲ್ಲವಿಯೂ ಮುಗಿಯಿತು.

"ಕೆಮ್ಮು ಜಾಸ್ತಿ ಆಯ್ತೇನ್ರೀ?" ಎಂದರು ಬಸಮ್ಮ. "ಮೈಯೆಲ್ಲ ಅಲ್ಲಾಡ್ತಿತ್ತು."

ಇನ್ನೊಮ್ಮೆ ಹಾಡಲು ಧೈರ್ಯ ಬರಲಿಲ್ಲ. "ಹೂಂ, ಕೆಮ್ಮು," ಎಂದು ಸ್ಕೂಟರು ಒದ್ದರು.

ಮನೆಯಲ್ಲಿ ಕಷಾಯವೇನೋ ಸಿಕ್ಕಿತು. ಹಾಡು ಮಾತ್ರ ಬಾಕಿಯೇ ಇದೆ.