ಹಿತ್ತಲ ಕಾಯಿಪಲ್ಲೆ, ಮನಿ ನಾಯಿ

ದನದ ಡಾಕ್ಟರಂತ ಊರೂರಿಗೆ ನನ್ನ ಹೆಸರು. ಆದರೆ ಎತ್ತು, ಎಮ್ಮೆಗಿಂತ ನನ್ನ ಎದೆ ಹೆಚ್ಚು ಬಡಿಸಿದ್ದು ಹಿತ್ತಲಿಗೆ ಬಾಯಿ ಹಾಕಿದ ನಾಯಿಗಳು. ಒಂದು ಸುಧಾರಿಸಿತು ಅನ್ನುವಷ್ಟರಲ್ಲಿ ಇನ್ನೊಂದರ ಫೋನು.

ಟೊಮೆಟೊ ಗಿಡ

ಯರಗುಪ್ಪಿಯ ರೈತನೊಬ್ಬ ಫೋನ್ ಮಾಡಿ, ಬಾಜು ಮನೆಯವ ತನ್ನ ನಾಯಿಗೆ ವಿಷ ಹಾಕಿದ್ದಾನೆ, ಲಗೂನ ಬರಬೇಕು ಅಂದ. ನಾನು ಹೋದಾಗ ನಾಯಿ ಜೊಲ್ಲು ಸುರಿಸುತ್ತ ತೂರಾಡುತ್ತಿತ್ತು. ಅಂಗಳದಲ್ಲಿ ಇಬ್ಬರೂ ಎದುರುಬದುರು ನಿಂತಿದ್ದರು. ರೈತನ ಕೈಯಲ್ಲಿ ಕುಡುಗೋಲು. ಅಷ್ಟರಲ್ಲಿ ನಾಯಿ ವಾಂತಿ ಮಾಡಿತು. ಕಡ್ಡಿಯಿಂದ ಕೆದರಿ ನೋಡಿದರೆ ಬರೀ ಟೊಮೆಟೊ ಎಲೆ, ಹಸಿರು ಕಾಯಿ. ಹಣ್ಣು ತಿಂದರೆ ನಡೆಯುತ್ತದೆ, ಎಲೆ ಮತ್ತು ಹಸಿ ಕಾಯಿ ನಾಯಿಗೆ ಆಗಿಬರುವುದಿಲ್ಲ ಅಂತ ತಿಳಿಸಿ ಹೇಳಿದೆ. ಕುಡುಗೋಲು ಕೆಳಗಿಳಿಯಿತು. ಇಂಜೆಕ್ಷನ್ ಕೊಟ್ಟು, ಗಿಡಕ್ಕೆ ಬೇಲಿ ಹಾಕಲು ಹೇಳಿ ಬಂದೆ.

ಸ್ವಲ್ಪ ದಿನಕ್ಕೆ ಮತ್ತೆ ಅವನದೇ ಫೋನು, ಮತ್ತೆ ಅದೇ ಕಥೆ. ಬೇಲಿ ಹಾಕಲಿಲ್ಲವೇನು ಅಂತ ಸಿಟ್ಟಿನಿಂದ ಕೇಳಿದೆ.

"ಹಾಕೇನ್ರಿ. ಆಡು ಬರಬಾರದಂತ ನಾಯೀನ ಬೇಲಿ ಒಳಗ ಕಟ್ಟೇನಿ."

ಉಳ್ಳಾಗಡ್ಡಿ

ಮೊರಬದಲ್ಲಿ ಉಳ್ಳಾಗಡ್ಡಿ ವ್ಯಾಪಾರದ ಚಾಚಾ ಒಬ್ಬರಿದ್ದರು. ಅವರ ನಾಯಿ ಎದ್ದು ನಿಲ್ಲದಷ್ಟು ಸೋತಿತ್ತು. ಒಸಡು ಬಿಳಿಚಿಕೊಂಡಿತ್ತು, ಉಚ್ಚೆ ಕಡುಗೆಂಪು. ಏನು ತಿನ್ನಿಸಿದಿರಿ ಅಂದರೆ, ರೊಟ್ಟಿ ಬಿಟ್ಟು ಏನೂ ಇಲ್ಲ ಅಂತ ಚಾಚಿ ಅತ್ತರು. ರೊಟ್ಟಿ ಜೊತೆಗೆ ಏನು ಅಂತ ಕೆದಕಿದಾಗ ಹೊರಬಿತ್ತು: ದಿನಾ ಉಳಿದ ಉಳ್ಳಾಗಡ್ಡಿ ಪಲ್ಯ. ಈರುಳ್ಳಿ ನಾಯಿಯ ರಕ್ತವನ್ನೇ ಕೆಡಿಸುತ್ತದೆ. ಸಲಾಯಿನ್ ಹಚ್ಚಿ ಬಾಜೂಕ ಕುಳಿತೆ. ಉಳಿಯುತ್ತದೆಂಬ ಭರವಸೆ ನನಗೇ ಇರಲಿಲ್ಲ. ಚಾಚಾ ಅದರ ತಲೆ ಸವರುತ್ತಿದ್ದರು. ಪುಣ್ಯಕ್ಕೆ ನಿಧಾನಕ್ಕೆ ಚೇತರಿಸಿಕೊಂಡಿತು.

ಮುಂದೆ ಸಂತೆಯಲ್ಲಿ ಚಾಚಾ ಸಿಕ್ಕರು, ಮುಖ ಸಪ್ಪಗೆ.

"ನಾಯಿ ಅಗದಿ ಆರಾಮ ಐತ್ರಿ. ಆದ್ರ ಅಂದಿನಿಂದ ನಮ್ಮಾಕಿ ನಾಯಿಗೂ ನಂಗೂ ಒಂದ ಅಡಗಿ ಮಾಡಾಕತ್ಯಾಳ. ಉಳ್ಳಾಗಡ್ಡಿ ನಾನು ತಿನ್ನಬಹುದಂತ ನೀವ ಒಂದ್ಮಾತು ಹೇಳ್ರಿ."

ಕೆಂಪು

ಆಮೇಲೆ ನಾಯಿಯ ಉಚ್ಚೆ ಕೆಂಪು ಅಂದರೆ ಸಾಕು, ಸಲಾಯಿನ್ ಬಾಟಲಿ ಹಿಡಿದೇ ಹೊರಡುತ್ತಿದ್ದೆ. ಕುಂದಗೋಳದ ಶಾಲೆಯಲ್ಲಿ ಪಾಠ ಹೇಳುವ ಬಾಯಿಯವರು ಅದನ್ನೇ ಹೇಳಿ ಫೋನಿನಲ್ಲಿ ಅಳತೊಡಗಿದರು. ಗಾಡಿ ಓಡಿಸಿದ್ದೇ ನೆನಪಿಲ್ಲ. ಹೋಗಿ ನೋಡಿದರೆ ಬಾಗಿಲ ಬಳಿ ಕೆಂಪು ನೀರೇನೋ ನಿಜ, ಆದರೆ ನಾಯಿ ಬಾಲ ಆಡಿಸುತ್ತಿದೆ, ಒಸಡು ಗುಲಾಬಿ. ಹಿತ್ತಲಿಗೆ ಹೋದೆ. ಬೀಟ್ರೂಟ್ ಮಡಿಯನ್ನೆಲ್ಲ ನಾಯಿ ಅಗೆದು ತಿಂದಿತ್ತು. ಬರೀ ಗಡ್ಡೆಯ ಬಣ್ಣ, ಅಂಜಬೇಡಿ ಅಂದೆ. ಬಾಯಿಯವರು ಕಣ್ಣೊರೆಸಿಕೊಂಡು ಚಹಾ ಇಡಲು ಒಳಗೆ ಹೋದರು.

ಅವರ ಯಜಮಾನರು ಮುಂಜಾನೆಯಿಂದ ಮೂಲೆಯ ಕುರ್ಚಿಯಲ್ಲಿ ಗಾಬರಿಯಾಗಿ ಕುಳಿತಿದ್ದರಂತೆ. ನಾಯಿಯ ಮೇಲೆ ಎಷ್ಟು ಜೀವ ಅಂದುಕೊಂಡೆ. ಅವರು ಮೆಲ್ಲಗೆ ನನ್ನನ್ನು ಗೋಡೆಯ ಮರೆಗೆ ಕರೆದೊಯ್ದು ಪಿಸುಗುಟ್ಟಿದರು:

"ಡಾಕ್ಟರ್ರ, ನಿನ್ನಿ ನಾನೂ ಬೀಟ್ರೂಟ್ ಪಲ್ಯಾ ಉಂಡಿದ್ದೆ. ಹಂಗಾರ ಹುಬ್ಬಳ್ಳಿ ದವಾಖಾನಿಗೆ ಹೋಗೂದು ಬ್ಯಾಡಲ್ರಿ?"