ವಾಸಪ್ಪನ ಪಾಸ್‌ಬುಕ್ಕಿಗೆ ಬಿದ್ದ ಎಂಬತ್ತಾರು ಸಾವಿರ

ಕನ್ನಡಕದ ಕಾಲು ಮುರಿಯದಿದ್ದರೆ ವಾಸಪ್ಪ ಆ ಬೆಳಿಗ್ಗೆ ತನ್ನ ಪಾಸ್‌ಬುಕ್ಕನ್ನು ಜಟ್ಟಪ್ಪನ ಕೈಗೆ ಕೊಡುತ್ತಲೇ ಇರಲಿಲ್ಲ. ವಾಸಪ್ಪ ಕಮ್ಮರಡಿಯ ಶಾಲೆಯಲ್ಲಿ ಗಂಟೆ ಹೊಡೆದು ನಿವೃತ್ತನಾದ ಜವಾನ. ಜಟ್ಟಪ್ಪ ಮನೆ ಪಕ್ಕದ ಚಹಾದಂಗಡಿಯವನು, ಊರವರ ಅರ್ಜಿಗಳನ್ನೆಲ್ಲ ಪುಕ್ಕಟೆ ಬರೆದುಕೊಟ್ಟು ಕೆಡಿಸುವವನು.

“ಎಂಬತ್ತಾರು ಸಾವಿರ ಎಲ್ಲಿಂದ ಬಂತು ಮಾರಾಯ?” ಜಟ್ಟಪ್ಪ ಕೂಗಿದ.

“ಎಂಟುನೂರ ಅರವತ್ತು ಇರ್ಬೇಕು, ಸರಿ ನೋಡು.”

“ಸೊನ್ನೆ ಎಣಿಸ್ಲಿಕ್ಕೆ ನಂಗೆ ಬರಲ್ವಾ? ಬ್ಯಾಂಕಿಗೆ ಹೋದ ವಾರ ಕಂಪ್ಯೂಟರ್ ಬಂದಿದೆ. ಯಾರದ್ದೋ ದುಡ್ಡು ನಿನ್ನ ಖಾತೆಗೆ ಬಿದ್ದಿದೆ. ಸುಮ್ಮನಿದ್ರೆ ಕಳ್ಳತನದ ಕೇಸು, ನೋಡ್ಕೋ!”

ವಾಸಪ್ಪ ಪಾಸ್‌ಬುಕ್ಕನ್ನು ಕಸಿದುಕೊಂಡು ಮುಚ್ಚಿದ. ಶಾಲೆಯಿಂದ ಒಂದು ಸೀಮೆಸುಣ್ಣದ ತುಂಡನ್ನೂ ಮನೆಗೆ ತಂದವನಲ್ಲ. ತಾನು ಜೈಲಿಗೆ ಹೋದರೆ ಹೆಂಡತಿ ನೀಲಾಂಬಿಕೆಯ ಗತಿಯೇನು? ‘ಹಿತ್ತಿಲಲ್ಲಿ ಬಾವಿ ತೋಡಿಸ್ತೇನೆ’ ಎಂದು ಒಂಬತ್ತು ವರ್ಷದಿಂದ ಹೇಳುತ್ತಲೇ ಇದ್ದ. ಪಾಪ, ಅವಳಿನ್ನೂ ಗುಡ್ಡದ ಕೆಳಗಿನಿಂದ ಕೊಡ ಹೊರುತ್ತಿದ್ದಳು.

ಜಟ್ಟಪ್ಪ ಅಲ್ಲೇ ಅರ್ಜಿ ಬರೆದ: ‘ಸದರಿ ಹಣ ನನ್ನದಲ್ಲ, ಹಿಂದೆಯೂ ಆಗಿರಲಿಲ್ಲ, ಮುಂದೆಯೂ ಆಗುವುದಿಲ್ಲ.’ ಚಹಾ ಕುಡಿಯುತ್ತಿದ್ದ ಇಬ್ಬರು ಸಾಕ್ಷಿ ಹಾಕಿದರು.

ವಾಸಪ್ಪನೂ ಜಟ್ಟಪ್ಪನೂ ಕೊಪ್ಪದ ಬಸ್ಸು ಹತ್ತಿದರೆ ವಾಸಪ್ಪನ ಪಕ್ಕದಲ್ಲೇ ಪೊಲೀಸಿನವನು ಬಂದು ಕೂತ.

“ಎಲ್ಲಿಗೆ, ಬ್ಯಾಂಕಿಗಾ?” ಕೈಯಲ್ಲಿದ್ದ ಪಾಸ್‌ಬುಕ್ ನೋಡಿ ಕೇಳಿದ.

“ನಾನಲ್ಲ ಸಾರ್!” ಎಂದವನೇ ವಾಸಪ್ಪ ಅವನ ಟಿಕೆಟ್ಟಿನ ದುಡ್ಡನ್ನೂ ತಾನೇ ಕೊಟ್ಟ.

ಬ್ಯಾಂಕಿನಲ್ಲಿ ಮ್ಯಾನೇಜರು ಅರ್ಜಿ ಓದಿ, “ನಿಮಗೆ ಬೇರೆ ಎಲ್ಲಿಂದಾದ್ರೂ ಹಣ ಬರೋದಿತ್ತಾ?” ಎಂದರು.

“ಪಿಂಚಣಿ ಬಾಕಿಗೆ ಒಂಬತ್ತು ವರ್ಷದಿಂದ ಅರ್ಜಿ ಹಾಕ್ತಿದ್ದೇನೆ, ಅಷ್ಟೇ ಸಾರ್.”

“ಅದು ಬಂದ ಹಾಗೇ!” ಎಂದು ಮ್ಯಾನೇಜರು ನಕ್ಕರು. ಜಟ್ಟಪ್ಪ ಬೆಂಚು ಬಡಿದು ನಕ್ಕ. ಅಷ್ಟು ಭಯದಲ್ಲೂ ವಾಸಪ್ಪನಿಗೆ ನಗು ತಡೆಯಲಿಲ್ಲ.

“ನಿಮ್ಮಂಥವರು ಅಪರೂಪ. ಬಂದಲ್ಲಿಗೇ ವಾಪಸ್ ಕಳಿಸ್ತೇನೆ, ಇವತ್ತೇ,” ಎಂದ ಮ್ಯಾನೇಜರು ಕೈಕುಲುಕಿ ಕಳಿಸಿದರು.

ಸಂಜೆ ಹಗುರ ಮನಸ್ಸಿನಿಂದ ಮನೆಗೆ ಬಂದರೆ ಹಿತ್ತಿಲಲ್ಲಿ ಧಡ್ ಧಡ್ ಸದ್ದು. ಬಾವಿ ತೋಡುವ ಗಿಡ್ಡಯ್ಯ ಮೂರು ಆಳುಗಳೊಂದಿಗೆ ಸೊಂಟದಾಳದ ಗುಂಡಿಯಲ್ಲಿ ನಿಂತಿದ್ದ. ನೀಲಾಂಬಿಕೆ ಅವರಿಗೆಲ್ಲ ಕಾಫಿ ಕೊಡುತ್ತಿದ್ದಳು. ಅವಳ ಮುಖ ಅಷ್ಟು ಅರಳಿದ್ದನ್ನು ವಾಸಪ್ಪ ಮದುವೆಯ ದಿನವೂ ಕಂಡಿರಲಿಲ್ಲ.

“ನೀವು ಅತ್ಲಾಗೆ ಹೋಗಿದ್ದೇ ತಡ ಪೋಸ್ಟಿನವನು ಬಂದ. ಅವನೇ ಓದಿ ಹೇಳಿದ,” ಎಂದು ಸರ್ಕಾರಿ ಕಾಗದ ಕೊಟ್ಟಳು. “ನಿಮ್ಮ ಪಿಂಚಣಿ ಬಾಕಿ ಎಂಬತ್ತಾರು ಸಾವಿರ ಬ್ಯಾಂಕಿಗೆ ಹಾಕಿದ್ದಾರಂತೆ! ಇನ್ನೆಂತ ಕಾಯೋದು ಅಂತ ಇವರನ್ನ ಕರೆಸಿದೆ.”

ಬೇಲಿಯಾಚೆಯಿಂದ ಎಲ್ಲ ಕೇಳಿಸಿಕೊಂಡ ಜಟ್ಟಪ್ಪ ಇಣುಕಿ ಪಿಸುಗುಟ್ಟಿದ: “ಹೆದರ್ಬೇಡ ಮಾರಾಯ, ಇನ್ನೊಂದು ಅರ್ಜಿ ಬರೆದ್ರಾಯ್ತು.”

ಗಿಡ್ಡಯ್ಯ ಕಾಫಿ ಲೋಟ ಕೆಳಗಿಟ್ಟು ಮುಂಗಡ ಕೇಳಿದ. ಜೈಲೇ ಎಷ್ಟೋ ವಾಸಿಯಾಗಿತ್ತು ಎಂದುಕೊಂಡ ವಾಸಪ್ಪ.