ಅಕ್ಕನಿಗೆಂದು ವೀಸಾ ಇಲ್ಲವೆಂದ ನಾಲ್ಕನೆಯ ಕಿಟಕಿಗೆ

ಮಾನ್ಯರೇ,

ತಕೆನೊಉರಾ ಬಂದರಿನ ಕಡೆಗೆ ಮುಖಮಾಡಿದ ಕಚೇರಿಯ ಎರಡನೆಯ ಮಹಡಿಯಲ್ಲಿ, ನಾಲ್ಕನೆಯ ಕಿಟಕಿಯ ಹಿಂದೆ, ಇಸ್ತ್ರಿ ಕೆಡದ ಅಂಗಿಯಲ್ಲಿ ಕುಳಿತು ಪರದೇಶದವರಿಗೆಲ್ಲ ಜಪಾನಿನಲ್ಲಿ ಇಂತಿಷ್ಟು ದಿನವೆಂದು ಅಳೆದು ಕೊಡುತ್ತಿರುವ ತಮಗೆ, ತೈವಾನಿನ ಚಿಯಾಯಿ ಪಟ್ಟಣದ ನಿವೃತ್ತ ದರ್ಜಿ, ಅರವತ್ತೆಂಟು ವರ್ಷದ ಚಿಯೆನ್ ಪಿ-ಯುನ್ ಸೊಂಟ ಬಗ್ಗಿದಷ್ಟೂ ಬಗ್ಗಿ ಮಾಡುವ ವಂದನೆಗಳು. ತಮ್ಮ ಎದೆಯ ಮೇಲಿನ ಹೆಸರಿನ ಬಿಲ್ಲೆ ನಾನು ಬಂದಾಗಲೆಲ್ಲ ಬೆನ್ನು ತಿರುಗಿಸಿಕೊಂಡೇ ಇರುವುದರಿಂದ ತಮ್ಮ ಹೆಸರು ನನಗೆ ತಿಳಿಯದು. ಹೆಸರಿಲ್ಲದ ಲಕೋಟೆಯನ್ನು ಅಂಚೆಯವರು ಒಪ್ಪಲಿಲ್ಲವಾದ ಕಾರಣ, ಊರಿನ ವಾರಪತ್ರಿಕೆಯ ಮೂಲಕ, ಎಲ್ಲರೂ ಓದುವಂತೆ ಈ ದೂರನ್ನು ಸಲ್ಲಿಸುತ್ತಿದ್ದೇನೆ. ಅವಿಧೇಯತೆಯೆಂದು ಭಾವಿಸಬಾರದು.

ನನ್ನ ಅಕ್ಕ ಪಿ-ಶ್ಯಾಳ ವಿಷಯವನ್ನು ತಾವು ಬಲ್ಲಿರಿ, ಓದುಗರು ಅರಿಯರು. ಐವತ್ತಮೂರು ವರ್ಷಗಳ ಹಿಂದೆ ಅವಳು ಈ ಊರಿನ ಬಿದಿರು ಕೆಲಸಗಾರ ಮೊರಿಝುಮಿಯವರನ್ನು ಮದುವೆಯಾಗಿ ಬಂದಳು. ಗಂಡನಿಂದ ಕೆಲಸ ಕಲಿತು, ಹತ್ತು ವರ್ಷದಲ್ಲಿ ಗಂಡನ ತಪ್ಪುಗಳನ್ನೇ ತಿದ್ದತೊಡಗಿದಳು. ಮೊರಿಝುಮಿಯವರು ಈಗಿಲ್ಲ. ಅಕ್ಕನ ಕಣ್ಣು ಎರಡು ವರ್ಷದಿಂದ ಅಂಚುಗಳಿಂದ ಒಳಕ್ಕೆ ಆರುತ್ತಾ ಬರುತ್ತಿದೆ. ಎದುರಿಗಿರುವುದು ಕೊಳವೆಯಲ್ಲಿ ನೋಡಿದಂತೆ ಕಾಣುತ್ತದೆ, ಪಕ್ಕದಲ್ಲಿರುವುದು ಕಾಣುವುದಿಲ್ಲ. ಚಿಯಾಯಿಗೆ ಬಾ ಎಂದು ಕರೆದರೆ ಅವಳು ಹೇಳಿದ್ದಿಷ್ಟು: "ಅಲ್ಲಿ ಬಂದು ನಿನ್ನ ಮೂಲೆ ರೂಮಲ್ಲಿ ಕುಂತು ಟೀವಿ ಕೇಳ್ಲಾ? ನನ್ನ ಕೈಗಿನ್ನೂ ಕಣ್ಣಿದೆ ಕಣೇ. ಬೇಕಾದ್ರೆ ನೀನು ಬಾ."

ಆದ್ದರಿಂದ ನಾನು ಬಂದೆ. ವೀಸಾ ಇಲ್ಲದೆಯೇ ತೊಂಬತ್ತು ದಿನ ಇರಲು ಬಿಡುವ ತಮ್ಮ ದೇಶದ ಔದಾರ್ಯವನ್ನು ಎರಡು ಬಾರಿ ಪೂರ್ತಿ ಉಂಡೆ. ಮೂರನೆಯ ಬಾರಿ ಬಂದಿಳಿದಾಗ ವಿಮಾನ ನಿಲ್ದಾಣದವರು ನನ್ನ ಪಾಸ್‌ಪೋರ್ಟನ್ನು ಮುಂದಕ್ಕೂ ಹಿಂದಕ್ಕೂ ತಿರುವಿ, "ಅಜ್ಜಿ, ಇದು ಪ್ರವಾಸ ಅಲ್ಲ, ಸಂಸಾರ ಥರ ಕಾಣುತ್ತೆ. ಸರಿಯಾದ ವೀಸಾ ಮಾಡ್ಸಿಕೊಳ್ಳಿ" ಎಂದು ಎಚ್ಚರಿಸಿ ಬಿಟ್ಟರು. ಹೀಗೆ ನಾನು ತಮ್ಮ ಸನ್ನಿಧಿಗೆ ಬಂದೆ. ಉದ್ದೇಶವೇನೆಂದು ತಾವು ಕೇಳಿದಿರಿ. "ಅಕ್ಕನ ಜೊತೆ ಇರೋದು" ಎಂದೆ. ತಾವು ಬಹಳ ಹೊತ್ತು ವೀಸಾಗಳ ಪಟ್ಟಿಯನ್ನು ನೋಡಿ, "ಗಂಡನ ಜೊತೆ ಇರೋಕೆ ಇದೆ ಅಮ್ಮ, ಹೆಂಡತಿ ಜೊತೆ ಇರೋಕಿದೆ. ಅಕ್ಕನ ಜೊತೆ ಇರೋಕೆ ಇಲ್ಲ" ಎಂದಿರಿ.

ಆ ಪಟ್ಟಿಯನ್ನು ನಾನು ಮನೆಗೆ ಒಯ್ದು ಓದಿದೆ. ಅದೊಂದು ಮಹತ್ವದ ಗ್ರಂಥ. ಪ್ರಾಧ್ಯಾಪಕರಿಗೆ, ಪಾದ್ರಿಗಳಿಗೆ, ಪತ್ರಕರ್ತರಿಗೆ, ಕುಣಿಯುವವರಿಗೆ, ಕಂಪನಿ ತೆರೆಯುವವರಿಗೆ ಅಲ್ಲಿ ಒಂದೊಂದು ಸಾಲು ಮೀಸಲಿದೆ. ಒಂದೇ ತಾಯಿಯ ಹೊಟ್ಟೆಯಲ್ಲಿ ಏಳು ವರ್ಷದ ಅಂತರದಲ್ಲಿ ಹುಟ್ಟಿದವರಿಗೆ ಮಾತ್ರ ಜಾಗ ಸಾಲದಾಗಿದೆ. ವಿದ್ಯಾರ್ಥಿ ವೀಸಾ ಆಗಬಹುದೇ ಎಂದು ಭಾಷಾ ಶಾಲೆಯೊಂದಕ್ಕೆ ಹೋದೆ. ಅಲ್ಲಿನ ಹುಡುಗಿ ನನ್ನ ಜನ್ಮದಿನಾಂಕ ನೋಡಿ, "ಮೊಮ್ಮಗಳ ಅರ್ಜಿ ತಂದಿದ್ದೀರಾ?" ಎಂದು ಪ್ರೀತಿಯಿಂದ ವಿಚಾರಿಸಿದಳು. ವೃದ್ಧರನ್ನು ನೋಡಿಕೊಳ್ಳುವ ಕೆಲಸದ ವೀಸಾ ಇದೆಯೆಂದು ತಿಳಿದು ಸಂತೋಷಪಟ್ಟೆ. ಅದಕ್ಕೆ ಪರೀಕ್ಷೆ ಬರೆದು ಪಾಸಾಗಬೇಕಂತೆ, ಆಮೇಲೆ ಸಂಸ್ಥೆಯವರು ಹೇಳಿದ ಕಡೆ ದುಡಿಯಬೇಕಂತೆ. ಅಂದರೆ ನಾನು ಯಾರದೋ ಅಕ್ಕನನ್ನು ನೋಡಿಕೊಳ್ಳಬಹುದು, ನನ್ನಕ್ಕನನ್ನಲ್ಲ.

ಈ ಪರದಾಟ ಬೀದಿಗೆಲ್ಲ ತಿಳಿಯಿತು. ಪಕ್ಕದ ಮನೆಯ ಮೀನು ಮಾರುವ ನಾಗಾತೊಮೊ, ಎಪ್ಪತ್ತನಾಲ್ಕರ ವಿಧುರರು, ಒಂದು ಸಂಜೆ ಬಂಗಡೆ ಮೀನು ತಂದುಕೊಟ್ಟು ಬಾಗಿಲಲ್ಲೇ ನಿಂತರು. "ಹೆಂಡತಿ ವೀಸಾ ಸುಲಭ ಅಂತೆ. ಊರಿಗೆ ಉಪಕಾರ ಆಗುತ್ತೆ ಅಂದ್ರೆ ನಾನು ತಯಾರು" ಎಂದರು. ನಾನು ಬಾಯಿ ತೆರೆಯುವುದಕ್ಕೆ ಮೊದಲೇ ಒಳಗಿನಿಂದ ಅಕ್ಕ ಕೂಗಿದಳು: "ಬೇಡ ಕಣಪ್ಪಾ! ಅವಳು ಗೊರಕೆ ಹೊಡೀತಾಳೆ, ನೀನು ಮೀನು ನಾರ್ತೀಯ. ಬೀದಿ ಜನ ಬಾಳೋದು ಹೇಗೆ?" ಮೀನು ಮಾತ್ರ ಒಳಗೆ ಬಂತು.

ತೊಂಬತ್ತರಲ್ಲಿ ಮೂವತ್ತೊಂದು ದಿನ ಉಳಿದಿದ್ದಾಗ ಮತ್ತೆ ತಮ್ಮಲ್ಲಿಗೆ ಬಂದು, ಪಟ್ಟಿ ಹಿಂದಿರುಗಿಸಿ, "ಇದರಲ್ಲಿ ನಾನಿಲ್ಲ ಸ್ವಾಮಿ" ಎಂದೆ. ಆಗ ತಾವು ಮಾಡಿದ್ದನ್ನೇ ಇಲ್ಲಿ ಮುಖ್ಯ ಅಪರಾಧವೆಂದು ದಾಖಲಿಸುತ್ತಿದ್ದೇನೆ. ತಾವು ಗಡಿಯಾರ ನೋಡಿದಿರಿ, ನನ್ನ ಹಿಂದಿನ ಸಾಲು ನೋಡಿದಿರಿ, ಆಮೇಲೆ ತೀರ ಸಹಜವಾಗಿ, "ನಿಮ್ಮ ಅಕ್ಕನಿಗೆ ಏನಾದ್ರೂ ಕೈಕೆಲಸ ಬರುತ್ತಾ?" ಎಂದು ಕೇಳಿದಿರಿ. "ಬಿದಿರು ಹೆಣೀತಾಳೆ" ಎಂದೆ. ತಾವು ಪಟ್ಟಿಯನ್ನು ಮಗುಚಿ, ಬೆನ್ನಿನಲ್ಲಿದ್ದ ಒಂದು ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಿರಿ. ಈ ದೇಶದ ಕಲೆಯೊಂದನ್ನು ಪರಿಣತರ ಕೈಕೆಳಗೆ, ಸಂಬಳವಿಲ್ಲದೆ ಕಲಿಯಬಯಸುವವರಿಗೆ: ಸಂಸ್ಕೃತಿ ವೀಸಾ. "ಗುರು ಯಾರು ಅಂತ ಬರೀಬೇಕು. ಗುರು ನೆಂಟರಾಗಿರಬಾರದು ಅಂತ ಎಲ್ಲೂ ಬರೆದಿಲ್ಲ" ಎಂದು ಹೇಳಿ ಮುಂದಿನವರನ್ನು ಕರೆದಿರಿ.

ಹೀಗೆ ತಾವು ಒಂದು ಪೆನ್ಸಿಲ್ ಗೆರೆಯಿಂದ, ಹುಟ್ಟಿದಾಗಿನಿಂದ ಅಕ್ಕನ ಒಂದು ಮಾತನ್ನೂ ಕೇಳದೆ ಬದುಕಿದ್ದ ಹೆಂಗಸನ್ನು ಅವಳ ಶಿಷ್ಯೆಯನ್ನಾಗಿ ಮಾಡಿದಿರಿ.

ಅಕ್ಕ ಪರಿಣತಳೆಂಬುದಕ್ಕೆ ಪುರಾವೆ ಬೇಕಿತ್ತು. ಜಿಲ್ಲೆಯ ಪ್ರಶಸ್ತಿಪತ್ರವೊಂದು ಅಡುಗೆಮನೆಯ ಡ್ರಾಯರಿನಲ್ಲಿ ಚಮಚಗಳ ಕೆಳಗೆ ಹಾಸಿಕೊಂಡಿತ್ತು; ಸೋಯಾ ಕಲೆಯನ್ನು ಒರೆಸಿ ತಂದುಕೊಟ್ಟೆ. ಕಲಿಯುವ ಕಾರಣವನ್ನು ಒಂದು ಪುಟ ಬರೆಯಬೇಕಿತ್ತು. ಬಾಲ್ಯದಿಂದಲೂ ಬಿದಿರೆಂದರೆ ನನಗೆ ಪ್ರಾಣವೆಂದು ಬರೆದೆ. ಬಾಲ್ಯದಲ್ಲಿ ಬಿದಿರಿಗೂ ನನಗೂ ಇದ್ದ ಸಂಬಂಧ ಒದ್ದೆ ಬಟ್ಟೆ ಹರವುವುದಷ್ಟೇ. ಅಕ್ಕನಿಗೆ ಓದಿ ಹೇಳಿದಾಗ ಅವಳು ನಗಲಿಲ್ಲ. "ನೋಡು ಯುನ್, ಸುಳ್ಳು ನೀನು ಬರ್ದಿದ್ದು, ರುಜು ನಂದು. ನನ್ನ ಹೆಸರಲ್ಲಿ ಸುಳ್ಳು ಬೇಡ. ವೀಸಾ ಬಂದ್ಮೇಲೆ ಕಲೀಲೇಬೇಕು" ಎಂದಳು. ಒಂದು ವರ್ಷದ ಅಪ್ಪಣೆಯನ್ನು ತಾವು ಕೊಟ್ಟ ದಿನ ನಾನು ಕುಣಿದೆ. ಮರುದಿನ ಬೆಳಿಗ್ಗೆ ಆರಕ್ಕೆ ಅವಳು ನನ್ನ ಕೈಗೆ ಪೊರಕೆ ಕೊಟ್ಟಳು.

ಮಾನ್ಯರೇ, ತಮಗೆ ಬಿದಿರು ಸೀಳಿ ಗೊತ್ತಿದೆಯೇ? ಒಂದು ದಬ್ಬೆಯನ್ನು ಎರಡು ಮಾಡಿ, ಎರಡನ್ನು ನಾಲ್ಕು ಮಾಡಿ, ಕೊನೆಗೆ ಕಾಗದದಷ್ಟು ತೆಳ್ಳಗೆ ಹೆರೆಯಬೇಕು. ನನ್ನ ದಬ್ಬೆಗಳು ಒಂದು ತುದಿಯಲ್ಲಿ ಕಾಗದ, ಇನ್ನೊಂದು ತುದಿಯಲ್ಲಿ ಹಲಗೆ. ಮೊದಲ ತಿಂಗಳು ಬೆರಳಿನ ಸಿಬಿರು ತೆಗೆಯುವುದೇ ವಿದ್ಯಾಭ್ಯಾಸವಾಯಿತು. ಕಣ್ಣು ಮಂಜಾದವರಿಂದ ತಪ್ಪು ಮುಚ್ಚಿಡಬಹುದೆಂದು ಎಣಿಸಿದ್ದೆ. ಅವಳು ಬುಟ್ಟಿಯ ಮೇಲೆ ಒಂದು ಸಲ ಬೆರಳಾಡಿಸಿ, "ಮೂರನೇ ಸುತ್ತಲ್ಲಿ ಯಾವ ಯೋಚನೆ ಮಾಡ್ತಿದ್ದೆ? ಬಿಚ್ಚು" ಎನ್ನುತ್ತಾಳೆ. ನಲವತ್ತು ವರ್ಷ ಶಾಲಾ ಮಕ್ಕಳ ಸಮವಸ್ತ್ರ ಹೊಲಿದವಳು ನಾನು, ಹೊಲಿಗೆ ಬಿಚ್ಚಿದವಳಲ್ಲ. ಈಗ ದಿನವಿಡೀ ಬಿಚ್ಚುತ್ತೇನೆ.

ಜನವರಿಯಲ್ಲಿ ಒಂದು ಮಧ್ಯಾಹ್ನ ನಡೆದದ್ದನ್ನೂ ಹೇಳಿಬಿಡುತ್ತೇನೆ, ಇದು ದೂರಿಗೆ ಸೇರದಿದ್ದರೂ ಸರಿ. ಕಿಟಕಿಯ ತುಂಬ ಬಿಸಿಲಿತ್ತು. ಅಕ್ಕ ಅಂಚು ಕಟ್ಟುತ್ತಿದ್ದವಳು ಕೈ ನಿಲ್ಲಿಸಿ, "ಕತ್ತಲಾಯ್ತಲ್ಲೇ, ಲೈಟ್ ಹಾಕು" ಎಂದಳು. ನಾನು ಎದ್ದುಹೋಗಿ, ಸದ್ದು ಕೇಳುವಂತೆ ಸ್ವಿಚ್ ಒತ್ತಿ, "ಹಾಕ್ದೆ ಅಕ್ಕ" ಎಂದೆ. ಅವಳು "ಹ್ಞೂ. ಈಗ ಪರವಾಗಿಲ್ಲ" ಎಂದು ಅಂಚು ಮುಗಿಸಿದಳು. ಆ ದಿನ ನಾನು ಹೆಣೆದದ್ದನ್ನು ಅವಳು ಬಿಚ್ಚಿಸಲಿಲ್ಲ. ಮುಟ್ಟಿ ನೋಡಲೂ ಇಲ್ಲ. ಚಿಕ್ಕಂದಿನಲ್ಲಿ ಅಮ್ಮ ಕಬ್ಬಿನ ಗದ್ದೆಗೆ ಹೋದಾಗ ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ಶಾಲೆಗೆ ಹೋಗುತ್ತಿದ್ದವಳು ಅವಳು. ನಾನು ಅವಳ ಜಡೆ ಜಗ್ಗಿ ಬಲಕ್ಕೆ ಎಡಕ್ಕೆ ತಿರುಗಿಸುತ್ತಿದ್ದೆನಂತೆ. ಈಗ ಸಂತೆಗೆ ಹೋಗುವಾಗ ಅವಳು ನನ್ನ ತೋಳು ಹಿಡಿಯುತ್ತಾಳೆ. ದಾರಿ ತೋರಿಸುವವಳು ಮಾತ್ರ ಈಗಲೂ ಅವಳೇ.

ವರ್ಷ ತುಂಬುವುದಕ್ಕೆ ಬಂತು. ಅವಧಿ ವಿಸ್ತರಣೆಗೆ ಏನು ಬೇಕೆಂದು ಕೇಳಲು ತಮ್ಮಲ್ಲಿಗೆ ಬಂದಾಗ ತಾವು ದಯಪಾಲಿಸಿದ ಉತ್ತರ ಇಂತಿದೆ: "ಕಲಿತಿರಬೇಕು ಅಮ್ಮ. ಆದ್ರೆ ಕಲಿತು ಮುಗಿಸಿರಬಾರದು." ಏನೂ ಕಲಿಯದಿದ್ದರೆ ನನ್ನ ಉದ್ದೇಶ ಸುಳ್ಳು, ಪೂರ್ತಿ ಕಲಿತರೆ ಉದ್ದೇಶ ಮುಗಿಯಿತು, ಎರಡಕ್ಕೂ ಚಿಯಾಯಿಯೇ ಗತಿ. ಇಂಥ ಸೂಕ್ಷ್ಮ ನಿಯಮವನ್ನು ರಚಿಸಿದವರ ಪಾದ ಎಲ್ಲಿದ್ದರೂ ಅದಕ್ಕೆ ನನ್ನ ನಮಸ್ಕಾರ. ತಿಂಗಳಿಗೆ ಎಷ್ಟು ದಬ್ಬೆ ಜಾಣತನ, ಎಷ್ಟು ದಬ್ಬೆ ದಡ್ಡತನ ಇರಬೇಕೆಂದು ಸರ್ಕಾರ ಒಂದು ಕೋಷ್ಟಕ ಪ್ರಕಟಿಸಿದರೆ, ಗೋಡೆಗೆ ಅಂಟಿಸಿಕೊಂಡು ಅದರಂತೆ ನಡೆಯುತ್ತೇನೆ.

ಪ್ರಗತಿ ವರದಿಯನ್ನು ಅಕ್ಕ ಹೇಳಿದಳು, ನಾನು ಬರೆದೆ. "ಶಿಷ್ಯೆಗೆ ಶ್ರದ್ಧೆ ಇದೆ. ಬೆಳಿಗ್ಗೆ ಏಳ್ತಾಳೆ. ಬಾಯಿ ಜೋರು, ಕೈ ದಡ್ಡ. ತಳ ಹಾಕೋದು ಬಂದಿದೆ, ಅಂಚು ಬಂದಿಲ್ಲ. ಇವಳು ಪೂರ್ತಿ ಕಲಿಯೋಕೆ ಇನ್ನು ಹನ್ನೆರಡು ವರ್ಷ ಬೇಕು." ನಾನು ಪೆನ್ನು ನಿಲ್ಲಿಸಿದೆ. ಅಕ್ಕನಿಗೆ ಈಗ ಎಪ್ಪತ್ತೈದು. "ಇದು ನಿಜಾನಾ ಅಕ್ಕ, ವೀಸಾಗೋಸ್ಕರಾನಾ?" ಎಂದು ಕೇಳಿದೆ. "ಎಂಬತ್ತೇಳರ ಮೇಲೆ ನನಗೂ ಪಾಠ ಹೇಳೋಕಾಗಲ್ಲ. ಮುದ್ರೆ ಎಲ್ಲಿ?" ಎಂದಳು. ರುಜುವಿನ ಬದಲು ಒತ್ತುವ ಹೆಸರಿನ ಮುದ್ರೆಯನ್ನು ಕೈಗಿಟ್ಟು, ಒತ್ತಬೇಕಾದ ಜಾಗಕ್ಕೆ ಅವಳ ಬೆರಳನ್ನು ತಂದೆ. ಅವಳು ನನ್ನ ಕೈ ಸರಿಸಿ ತಾನೇ ಒತ್ತಿದಳು. ನೆಟ್ಟಗೆ ಬಿತ್ತು.

ಪುರಾವೆಗೆಂದು ನಾನು ಹೆಣೆದ ಬುಟ್ಟಿಯನ್ನೂ ತಂದಿದ್ದೆ. ತಾವು ಅದನ್ನು ಮೇಜಿನ ಮೇಲಿಟ್ಟಿರಿ; ಅದು ನಿಧಾನವಾಗಿ ಎಡಕ್ಕೆ ವಾಲಿತು. ನೇರ ಮಾಡಿದಿರಿ, ಮತ್ತೆ ವಾಲಿತು. ಪಕ್ಕದ ಕಿಟಕಿಯವರನ್ನೂ ಕರೆದು ತೋರಿಸಿದಿರಿ. ಸಾಲಿನಲ್ಲಿದ್ದ ಹನ್ನೊಂದು ಜನರ ಎದುರಿಗೆ, "ಇನ್ನೂ ಕಲಿಯೋದು ತುಂಬಾ ಇದೆ, ಇದರಲ್ಲಿ ಅನುಮಾನವೇ ಇಲ್ಲ" ಎಂದು ಘೋಷಿಸಿ, ಅರ್ಜಿ ತೆಗೆದುಕೊಂಡಿರಿ. ಐದು ವಾರಗಳ ಬಳಿಕ ಮೂರು ವರ್ಷದ ಅಪ್ಪಣೆ ಮನೆಗೆ ಬಂತು. ನನ್ನ ಕೈಕೆಲಸಕ್ಕೆ ಇಂಥ ಅಪಮಾನ ಈ ಜನ್ಮದಲ್ಲಿ ಆಗಿರಲಿಲ್ಲ. ಮನೆಯಲ್ಲಿ ಓದಿ ಹೇಳಿದಾಗ ಅಕ್ಕ, "ಮೂರಾ? ನಾನು ಹನ್ನೆರಡು ಅಂದಿದ್ದೆ. ಸರ್ಕಾರದೋರು ಚೌಕಾಸಿ ಮಾಡ್ತಾರಲ್ಲ!" ಎಂದು ಗೊಣಗಿದಳು. ಆ ರಾತ್ರಿ ಊಟಕ್ಕೆ ಅವಳೇ ಹಂದಿಮಾಂಸದ ಅನ್ನ ಮಾಡಿದಳು, ಅಮ್ಮ ಮಾಡುತ್ತಿದ್ದ ಹಾಗೆ. ನಾನು ಒಲೆಯ ಉರಿ ನೋಡಿಕೊಂಡೆ.

ಆದ್ದರಿಂದ ನನ್ನ ಬೇಡಿಕೆ ಒಂದೇ. ಅಷ್ಟುದ್ದದ ಪಟ್ಟಿಯಲ್ಲಿ, ಕುಣಿಯುವವರಿಗೂ ಪಾದ್ರಿಗಳಿಗೂ ನಡುವೆ ಎಲ್ಲಾದರೂ, "ಅಕ್ಕ" ಎಂಬ ಒಂದು ಸಾಲನ್ನು ಸೇರಿಸಬೇಕು. ಅದು ಸೇರುವವರೆಗೆ ನಾನು ತಕ್ಕಷ್ಟು ದಡ್ಡಿಯಾಗಿಯೇ ಉಳಿಯುತ್ತೇನೆಂದು ಈ ಮೂಲಕ ಪ್ರಮಾಣ ಮಾಡುತ್ತೇನೆ.

ತಮ್ಮ ವಿಶ್ವಾಸಿಯೂ, ತಮ್ಮ ಕಡತದ ಪ್ರಕಾರ ಬಿದಿರಿನ ಬಾಲ್ಯಪ್ರೇಮಿಯೂ ಆದ,
ಚಿಯೆನ್ ಪಿ-ಯುನ್

ತಾ.ಕ.: ನಮ್ಮ ಕಿರಿಯ ತಂಗಿ ಪಿ-ಲಾನ್ ಚಿಯಾಯಿಯಿಂದ ನಿನ್ನೆ ಫೋನ್ ಮಾಡಿದ್ದಳು. ಅವಳಿಗೂ ಬಾಲ್ಯದಿಂದಲೇ ಬಿದಿರೆಂದರೆ ಪ್ರಾಣವಂತೆ. ಅವಳ ಕೈ ನನಗಿಂತ ದಡ್ಡ. ಇಪ್ಪತ್ತು ವರ್ಷದ ಅರ್ಜಿಯೊಂದನ್ನು ಎತ್ತಿಟ್ಟಿರಬೇಕಾಗಿ ಕೋರಿಕೆ.